ಬೊಟುಲಿನಂ ಚಿಕಿತ್ಸೆಯ ಕನ್ನಡ: ಒಂದು ವಿಮರ್ಶೆ

೧

ಶಬ್ದವು ಎರಡು ಅರ್ಥ ಕೊಡುವುದು ಕಾವ್ಯದಲ್ಲಿ ಗುಣವೆನಿಸಬಹುದು. ನಮ್ಮ ಆಲಂಕಾರಿಕರು ಶ್ಲೇಷೆಯನ್ನು ಅಲಂಕಾರಗಳಲ್ಲಿ ಎಣಿಸಿದ್ದಾರೆ. ಆದರೆ ವೈದ್ಯರು ಮಗುವಿನ ತಾಯಿತಂದೆಗಳೊಡನೆ ಆಡುವ ಮಾತಿನಲ್ಲಿ ಶ್ಲೇಷೆ ನುಸುಳಿದರೆ ಅದರ ಫಲವನ್ನು ಮಗು ಅನುಭವಿಸಬೇಕಾಗುತ್ತದೆ. ಹೀಗಿರಲು ಶಬ್ದಾರ್ಥವಿಚಾರವನ್ನು ವೃತ್ತಿಯಾಗಿ ಕೈಗೊಂಡ ನಾವು ನಮ್ಮ ವಿಮರ್ಶೆಯನ್ನು ಕಾವ್ಯನಾಟಕಗಳಿಗೆ ಮಾತ್ರ ಮೀಸಲಿರಿಸುವುದು ಸಾಧುವಲ್ಲ. ಸೆರೆಬ್ರಲ್ ಪಾಲ್ಸಿ ಎಂಬ ಸ್ಥಿತಿಯಲ್ಲಿರುವ ಮಕ್ಕಳಿಗೆ ಕೊಡುವ ಬೊಟುಲಿನಂ ವಿಷದ ಚಿಕಿತ್ಸೆಯನ್ನು ಕನ್ನಡದಲ್ಲಿ ಹೇಗೆ ಹೇಳುತ್ತೇವೆ, ಆ ಹೇಳಿಕೆ ಚಿಕಿತ್ಸೆಯ ನಿಜಸ್ವರೂಪಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಈ ವಿಚಾರಕ್ಕೆ ನಾವು ಬೊಮ್ಮಸಂದ್ರವನ್ನು ಕಣ್ಣೆದುರಿಗೆ ಇರಿಸಿಕೊಂಡಿದ್ದೇವೆ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಹೆಬ್ಬಗೋಡಿಯನ್ನೂ ದಾಟಿದ ಮೇಲೆ ಸಿಗುವ ಆನೇಕಲ್ ತಾಲ್ಲೂಕಿನ ಈ ಊರು ಇಂದು ಕೈಗಾರಿಕಾ ಪ್ರದೇಶವೆಂದು ಪ್ರಸಿದ್ಧವಾಗಿದೆ. ಈ ಶತಮಾನದ ಆರಂಭದಲ್ಲಿ ಡಾ. ದೇವಿಪ್ರಸಾದ ಶೆಟ್ಟಿಯವರು ಇಲ್ಲಿ ಕಟ್ಟಿದ ಹೃದಯಾಲಯವು ಬೆಳೆದು ಹಲವು ಆಸ್ಪತ್ರೆಗಳ ಸಮೂಹವಾಗಿದೆ. ೨೦೨೫ರ ಆಗಸ್ಟ್ ತಿಂಗಳಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಹೊರಡುವ ಮೆಟ್ರೋ ರೈಲು ಬೊಮ್ಮಸಂದ್ರದವರೆಗೂ ಬಂದಿತು. ಹೀಗೆ ಕಾರ್ಖಾನೆಯೂ ಆಸ್ಪತ್ರೆಯೂ ಒಂದೇ ಊರಿನಲ್ಲಿ ನೆರೆಹೊರೆಯಾಗಿವೆ. ಆನೇಕಲ್ ಸೀಮೆಯ ಕನ್ನಡ, ಕಲಬುರಗಿ ರಾಯಚೂರುಗಳಿಂದ ದುಡಿಮೆಗಾಗಿ ಬಂದವರ ಕನ್ನಡ, ತೆಲುಗು ತಮಿಳು ಒರಿಯಾ ಮನೆಮಾತಿನವರು ಇಲ್ಲಿ ಬಂದು ಕಲಿತ ಕನ್ನಡ, ಇವೆಲ್ಲ ಇಲ್ಲಿ ಕಿವಿಗೆ ಬೀಳುತ್ತವೆ. ಯಾವೊಂದು ಆಸ್ಪತ್ರೆಯ ಕಾರ್ಯವಿಧಾನವನ್ನೂ ಕುರಿತು ನಾವು ತೀರ್ಪು ಕೊಡಹೊರಟಿಲ್ಲ. ಇಂಥ ಊರಿನಲ್ಲಿ ವೈದ್ಯಶಾಸ್ತ್ರದ ಮಾತು ಎಂಥ ಕಿವಿಗಳನ್ನು ತಲುಪಬೇಕಾಗಿದೆ ಎಂಬುದನ್ನು ಮಾತ್ರ ವಾಚಕರು ಗಮನದಲ್ಲಿಡಬೇಕೆಂದು ಕೋರುತ್ತೇವೆ.

೨

ಮೊದಲು ವಸ್ತುಸ್ಥಿತಿಯನ್ನು ತಿಳಿಯುವುದು ಅವಶ್ಯಕ. ಗರ್ಭದಲ್ಲಿಯೋ ಹೆರಿಗೆಯ ಕಾಲದಲ್ಲಿಯೋ ಶೈಶವದಲ್ಲಿಯೋ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾದರೆ ಮಗುವಿನ ಚಲನೆಯೂ ಅಂಗವಿನ್ಯಾಸವೂ ಕೆಡುತ್ತವೆ. ಅವಧಿಗೆ ಮೊದಲೇ ಹುಟ್ಟುವುದು, ಪ್ರಾಣವಾಯುವಿನ ಕೊರತೆ, ಎಳೆಗೂಸಿನ ತೀವ್ರವಾದ ಕಾಮಾಲೆ, ಸೋಂಕು ಮೊದಲಾದ ಹಲವು ಕಾರಣಗಳಿಂದ ಇದು ಸಂಭವಿಸಬಹುದು. ಲಂಡನ್ನಿನ ವೈದ್ಯ ವಿಲಿಯಂ ಲಿಟ್ಲ್ ೧೮೬೧ರಲ್ಲಿ ಇದನ್ನು ಕಷ್ಟಪ್ರಸವದೊಡನೆ ಸಂಬಂಧಿಸಿ ವಿವರಿಸಿದನು. ಬಹುಕಾಲ ಇದಕ್ಕೆ ಲಿಟ್ಲನ ರೋಗವೆಂದೇ ಹೆಸರಿತ್ತು. ಮುಂದೆ ಮನೋವಿಶ್ಲೇಷಣೆಯಿಂದ ಪ್ರಖ್ಯಾತನಾದ ಸಿಗ್ಮಂಡ್ ಫ್ರಾಯ್ಡನು ೧೮೯೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾರಣವನ್ನೆಲ್ಲ ಹೆರಿಗೆಯ ಮೇಲೆ ಹೊರಿಸುವುದು ಸರಿಯಲ್ಲವೆಂದು ವಾದಿಸಿದನು. ಮಿದುಳಿಗೆ ಆದ ಪೆಟ್ಟು ಬೆಳೆಯುವುದಿಲ್ಲ. ಆದರೆ ಮಗು ಬೆಳೆಯುತ್ತದೆ. ಬಿಗಿದುಕೊಂಡ ಸ್ನಾಯುವು ಮೂಳೆಯ ಬೆಳವಣಿಗೆಯೊಡನೆ ಸಮನಾಗಿ ಬೆಳೆಯಲಾರದೆ ಗಿಡ್ಡವಾಗಿ, ಕೀಲುಗಳು ಸೆಟೆದುಕೊಳ್ಳುತ್ತವೆ. ಮೀನಖಂಡದ ಬಿಗಿತದಿಂದ ಮಗು ಹಿಮ್ಮಡಿಯೂರಲಾರದೆ ತುದಿಗಾಲಿನಲ್ಲಿ ನಡೆಯುತ್ತದೆ. ತೊಡೆಯ ಒಳಗಿನ ಸ್ನಾಯುಗಳು ಬಿಗಿದರೆ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬೀಳುತ್ತವೆ.

ಇನ್ನು ಮದ್ದಿನ ವಿಷಯ. ಕೆಟ್ಟ ಮಾಂಸಾಹಾರದಿಂದ ಜನ ಸಾಯುವುದನ್ನು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಯೂಸ್ಟಿನಸ್ ಕೆರ್ನರ್ ಎಂಬಾತನು ೧೮೨೦ರ ಸುಮಾರಿನಲ್ಲಿ ಶಾಸ್ತ್ರೀಯವಾಗಿ ಅಭ್ಯಸಿಸಿದನು. ಈತನು ವೈದ್ಯನಾಗಿದ್ದಂತೆ ಕವಿಯೂ ಆಗಿದ್ದನೆಂಬುದು ಸಾಹಿತ್ಯವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸೀತು. ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಇದೇ ವಿಷವು ನರಮಂಡಲದ ಅತಿಯಾದ ಉದ್ರೇಕವನ್ನು ಶಮನಗೊಳಿಸಬಹುದೆಂಬ ಊಹೆಯನ್ನು ಮೊದಲು ಮುಂದಿಟ್ಟವನೂ ಇವನೇ. ಲ್ಯಾಟಿನ್ ಭಾಷೆಯಲ್ಲಿ ಬೊಟುಲಸ್ ಎಂದರೆ ಮಾಂಸ ತುಂಬಿದ ಕರುಳು. ವಿಷದ ಹೆಸರು ಅಲ್ಲಿಂದ ಬಂದಿತು. ೧೮೯೫ರಲ್ಲಿ ಬೆಲ್ಜಿಯಂ ದೇಶದ ಎಲ್ಲಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದಿದ್ದ ವಾದ್ಯಗಾರರು ಹಂದಿಮಾಂಸ ತಿಂದು ಅಸ್ವಸ್ಥರಾದಾಗ ಎಮಿಲ್ ವಾನ್ ಎರ್ಮೆಂಜೆಮನು ಇದಕ್ಕೆ ಕಾರಣವಾದ ಜೀವಾಣುವನ್ನು ಕಂಡುಹಿಡಿದನು. ಅಮೆರಿಕದ ನೇತ್ರವೈದ್ಯ ಅಲನ್ ಸ್ಕಾಟ್ ೧೯೭೦ರ ದಶಕದಲ್ಲಿ ಮೆಳ್ಳೆಗಣ್ಣಿನ ಚಿಕಿತ್ಸೆಗಾಗಿ ಇದರ ಮೇಲೆ ಪ್ರಯೋಗ ನಡೆಸಿದನು. ೧೯೮೯ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಅನುಮತಿಯಿತ್ತಿತು. ಸೆರೆಬ್ರಲ್ ಪಾಲ್ಸಿಯ ಮಕ್ಕಳಲ್ಲಿ ಇದನ್ನು ಬಳಸಿದ ಮೊದಲ ವರದಿಯನ್ನು ಆಂಡ್ರೂ ಕೋಮನ್ ಮತ್ತು ಸಂಗಡಿಗರು ೧೯೯೩ರಲ್ಲಿ ಪ್ರಕಟಿಸಿದರು. ಮುಖದ ಸುಕ್ಕಿಗೆ ಅನುಮತಿ ದೊರೆತುದು ೨೦೦೨ರಲ್ಲಿ.

ಇದರ ಕಾರ್ಯ ಹೀಗೆ: ನರದ ತುದಿಯಿಂದ ಅಸಿಟೈಲ್ಕೋಲಿನ್ ಎಂಬ ದ್ರವ್ಯ ಹೊರಬಿದ್ದು ಸ್ನಾಯುವನ್ನು ಸಂಕೋಚಗೊಳಿಸುತ್ತದೆ. ಈ ವಿಷವು ನರತುದಿಯನ್ನು ಹೊಕ್ಕು, ಆ ದ್ರವ್ಯ ಹೊರಬೀಳಲು ಬೇಕಾದ ಒಂದು ಪ್ರೋಟೀನನ್ನು ಕತ್ತರಿಸುತ್ತದೆ. ಚುಚ್ಚಿದ ಕೆಲವು ದಿನಗಳಲ್ಲಿ ಸ್ನಾಯು ಸಡಿಲಗೊಳ್ಳತೊಡಗಿ, ಪರಿಣಾಮವು ಸುಮಾರು ಮೂರು ನಾಲ್ಕು ತಿಂಗಳು ನಿಲ್ಲುತ್ತದೆ. ಅಷ್ಟರಲ್ಲಿ ನರತುದಿಯು ಚೇತರಿಸಿಕೊಂಡು ಬಿಗಿತ ಮರಳಿ ಬರುತ್ತದೆ. ಈ ನಡುವಿನ ಕಾಲದಲ್ಲಿ ವ್ಯಾಯಾಮ, ಗಟ್ಟಿಪಟ್ಟಿ, ಕಾಲಿನ ಆಧಾರಪಟ್ಟಿ ಮುಂತಾದವುಗಳಿಂದ ಸ್ನಾಯುವನ್ನು ನೀಳಗೊಳಿಸುವುದೂ ಹೊಸ ಚಲನೆಯನ್ನು ಕಲಿಸುವುದೂ ಚಿಕಿತ್ಸೆಯ ಮುಖ್ಯಾಂಶ. ಸ್ನಾಯುವು ಆಗಲೇ ಶಾಶ್ವತವಾಗಿ ಗಿಡ್ಡವಾಗಿದ್ದರೆ ಸೂಜಿಯಿಂದ ಪ್ರಯೋಜನವಿಲ್ಲ.

೩

ಈಗ ಸ್ಥಿತಿಯ ಹೆಸರನ್ನು ತೆಗೆದುಕೊಳ್ಳೋಣ. ಸೆರೆಬ್ರಲ್ ಪಾಲ್ಸಿಗೆ ಕನ್ನಡದಲ್ಲಿ ‘ಮೆದುಳಿನ ಪಾರ್ಶ್ವವಾಯು’ ಎಂಬ ಪ್ರಯೋಗ ರೂಢಿಗೆ ಬಂದಿದೆ. ಆಡುಮಾತಿನಲ್ಲಿ ‘ಲಕ್ವ’ ಎನ್ನುವುದೂ ಉಂಟು. ಪಾರ್ಶ್ವವೆಂದರೆ ಪಕ್ಕ. ಒಂದು ಪಕ್ಕ ಮಾತ್ರ ಕೆಟ್ಟ ಮಕ್ಕಳೂ ಇದ್ದಾರೆ, ನಿಜ. ಆದರೆ ಎರಡು ಕಾಲುಗಳೂ ಅಥವಾ ನಾಲ್ಕು ಅಂಗಗಳೂ ಬಿಗಿದುಕೊಂಡ ಮಕ್ಕಳಿಗೆ ಈ ಶಬ್ದ ಹೊಂದುವುದಿಲ್ಲ. ಲಕ್ವ ಎಂಬುದು ಅರಬ್ಬಿಯಿಂದ ಬಂದ ಮಾತು. ಅದರ ಮೂಲಾರ್ಥ ಮುಖ ಸೊಟ್ಟಗಾಗುವುದು. ಇವೆರಡೂ ಶಬ್ದಗಳು ವೃದ್ಧಾಪ್ಯದಲ್ಲಿ ಒಮ್ಮೆಲೇ ಬಡಿಯುವ ರೋಗವನ್ನು ನೆನಪಿಗೆ ತರುತ್ತವೆ. ಕೈಕಾಲು ‘ಬಿದ್ದುಹೋಗುವುದು’ ಅವುಗಳ ಮುಖ್ಯ ಭಾವ.

ಇದರಿಂದ ಉಂಟಾಗುವ ತೊಡಕು ಸಾಮಾನ್ಯವಾದುದಲ್ಲ. ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ನಿಮ್ಮ ಮಗುವಿಗೆ ಪಾರ್ಶ್ವವಾಯುವಾಗಿದೆ ಎಂದು ಆಕೆಗೆ ಹೇಳಲಾಗಿದೆ. ಸ್ನಾಯುವಿಗೆ ಶಕ್ತಿ ಕುಂದಿಸುವ ಮದ್ದನ್ನು ಚುಚ್ಚುತ್ತೇವೆ ಎಂದು ಆಮೇಲೆ ಹೇಳುತ್ತಾರೆ. ಬಿದ್ದುಹೋದ ಅಂಗಕ್ಕೆ ಇನ್ನೂ ಬೀಳುವ ಮದ್ದೇಕೆ ಎಂದು ಆಕೆ ಕೇಳಿದರೆ ಅದು ಅಜ್ಞಾನದ ಪ್ರಶ್ನೆಯಲ್ಲ. ನಾವು ಕೊಟ್ಟ ಶಬ್ದದಿಂದ ತರ್ಕಬದ್ಧವಾಗಿ ಹುಟ್ಟಿದ ಪ್ರಶ್ನೆ. ಇಲ್ಲಿ ಸ್ನಾಯುವಿಗೆ ಬರುವ ಆಜ್ಞೆ ನಿಂತುಹೋಗಿಲ್ಲ, ಮಿದುಳಿನ ಹತೋಟಿ ತಪ್ಪಿ ಅದು ಮಿತಿಮೀರಿದೆ ಎಂಬ ಅಂಶವನ್ನು ಪಾರ್ಶ್ವವಾಯು ಎಂಬ ಹೆಸರು ಮುಚ್ಚಿಬಿಡುತ್ತದೆ. ಅದೇ ಸ್ನಾಯುವಿನಲ್ಲಿ ಬಿಗಿತದ ಜೊತೆಗೆ ದೌರ್ಬಲ್ಯವೂ ಇರುತ್ತದೆ ಎಂಬುದು ಇನ್ನೊಂದು ಸೂಕ್ಷ್ಮ. ಹೀಗಾಗಿ ತಾಯಿಯ ಪ್ರಶ್ನೆಯಲ್ಲಿ ಒಂದು ಪಾಲು ಶಾಸ್ತ್ರಜ್ಞರಿಗೂ ಇಂದು ಉತ್ತರಿಸಲು ಕಠಿನವಾಗಿದೆ. ಅದನ್ನು ಮುಂದೆ ನೋಡೋಣ.

‘ನರ’ ಎಂಬ ಮಾತೂ ಇಂಥದೇ. ಆಡುಗನ್ನಡದಲ್ಲಿ ರಕ್ತನಾಳವೂ ನರ, ಸ್ನಾಯುರಜ್ಜುವೂ ನರ, ಮಿದುಳಿನ ಆಜ್ಞೆಯನ್ನು ಒಯ್ಯುವ ತಂತುವೂ ನರ. ‘ನರದ ಸೂಜಿ’ ಎಂದಾಗ ಕೇಳುವವರು ಮೂರರಲ್ಲಿ ಯಾವುದನ್ನಾದರೂ ಭಾವಿಸಬಹುದು. ಸೂಜಿ ಹೋಗುವುದು ಈ ಮೂರಕ್ಕೂ ಅಲ್ಲ, ಮಾಂಸಖಂಡಕ್ಕೆ.

೪

ಮದ್ದಿನ ಹೆಸರಿನಲ್ಲಿ ಸ್ವಾರಸ್ಯವೂ ಇದೆ, ಅಪಾಯವೂ ಇದೆ. ವಿಷವಿದ್ಯೆ ಕನ್ನಡಕ್ಕೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನೇ ವಿಷಗಳನ್ನೂ ಅವುಗಳ ಪರಿಹಾರವನ್ನೂ ಕುರಿತು ರಚಿಸಿದನು. ವಿಷವನ್ನು ಶತ್ರುವೆಂದು ಕಂಡು ಅದನ್ನು ಇಳಿಸುವುದು ಆ ಶಾಸ್ತ್ರದ ಗುರಿ. ವಿಷವನ್ನೇ ಮದ್ದಾಗಿಸುವ ಮಾರ್ಗವೂ ನಮ್ಮಲ್ಲಿ ಅಪರಿಚಿತವಲ್ಲ. ಆಯುರ್ವೇದದವರು ವತ್ಸನಾಭಿಯನ್ನು ಶೋಧಿಸಿ ಬಳಸುತ್ತಾರೆ. ಕನ್ನಡ ನುಡಿಯೇ ಈ ಎರಡನ್ನೂ ಒಂದು ಶಬ್ದದಲ್ಲಿ ಹಿಡಿದಿಟ್ಟಿದೆ. ಮದ್ದು ಎಂದರೆ ಔಷಧ. ‘ಮದ್ದು ಹಾಕಿದರು’ ಎಂದರೆ ಕೇಡಿಗಾಗಿ ಉಣಿಸಿದರು ಎಂದು ಅರ್ಥ. ಸಿಡಿಮದ್ದು, ಮದ್ದುಗುಂಡುಗಳಲ್ಲಿ ಅದು ಸ್ಫೋಟಕ. ಆದುದರಿಂದ ಬೊಟುಲಿನಂ ವಿಷವೆಂಬ ನಿಜವನ್ನು ಮುಚ್ಚಿಡಬೇಕಾದ ಅಗತ್ಯ ಕನ್ನಡದಲ್ಲಿ ಇಲ್ಲವೆಂದೇ ನಮ್ಮ ಅಭಿಪ್ರಾಯ. ಮುಚ್ಚಿಡುವುದು ಅಪಾಯಕರವೂ ಹೌದು. ಮದ್ದು ಚುಚ್ಚಿದ ಜಾಗದಿಂದ ಹರಡಿ ನುಂಗುವುದಕ್ಕೂ ಉಸಿರಾಟಕ್ಕೂ ತೊಂದರೆಯಾಗಬಹುದೆಂದು, ವಿಶೇಷವಾಗಿ ಸೆರೆಬ್ರಲ್ ಪಾಲ್ಸಿಯ ಮಕ್ಕಳನ್ನು ಉದ್ದೇಶಿಸಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೦೯ರಲ್ಲಿ ಅತ್ಯಂತ ಗಂಭೀರವಾದ ಎಚ್ಚರಿಕೆಯನ್ನು ಮದ್ದಿನ ಮಾಹಿತಿಪತ್ರದಲ್ಲಿ ಸೇರಿಸುವಂತೆ ಮಾಡಿತು. ಇಂಥ ಘಟನೆ ವಿರಳ. ಆದರೆ ಮದ್ದು ವಿಷಮೂಲದ್ದೆಂದು ತಿಳಿದ ತಾಯಿ ಮಗು ಗುಟುಕರಿಸುವಾಗ ಕೆಮ್ಮಿದರೆ ತಡಮಾಡದೆ ಆಸ್ಪತ್ರೆಗೆ ಓಡುತ್ತಾಳೆ. ತಿಳಿಯದವಳು ನೆಗಡಿಯೆಂದು ಸುಮ್ಮನಿರಬಹುದು.

‘ಬೊಟಾಕ್ಸ್’ ಎಂದಷ್ಟೇ ಹೇಳಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಅದು ಒಂದು ಕಂಪನಿಯ ಸರಕಿನ ಹೆಸರು. ಅದೇ ವಿಷದ ಬೇರೆ ಬೇರೆ ತಯಾರಿಕೆಗಳ ‘ಯೂನಿಟ್’ ಲೆಕ್ಕ ಒಂದಕ್ಕೊಂದು ಸಮನಲ್ಲ. ಒಂದರ ಪ್ರಮಾಣವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಅನರ್ಥವಾಗುತ್ತದೆ. ಅಲ್ಲದೆ ಆ ಹೆಸರು ಚಿತ್ರನಟರ ಮುಖಕಾಂತಿಯ ಸುದ್ದಿಯಿಂದ ಜನಕ್ಕೆ ಪರಿಚಿತವಾಗಿದೆ. ಮಗುವಿನ ಕಾಲಿಗೂ ಅದಕ್ಕೂ ಏನು ಸಂಬಂಧವೆಂದು ತಂದೆ ಸಂಶಯಪಟ್ಟರೆ ಆಶ್ಚರ್ಯವಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ವಿಚಾರಿಸಬೇಕಾದ ಶಬ್ದ ‘ಚುಚ್ಚುಮದ್ದು’. ಮೇಲ್ನೋಟಕ್ಕೆ ಇದು ಅಚ್ಚಗನ್ನಡದ ಸೊಗಸಾದ ಸಮಾಸ. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಅಂಗನವಾಡಿಯಲ್ಲಿಯೂ ಚುಚ್ಚುಮದ್ದು ಎಂದರೆ ರೋಗ ಬಾರದಂತೆ ಹಾಕಿಸುವ ಲಸಿಕೆ. ಕಾರ್ಡಿನಲ್ಲಿ ಗುರುತು ಹಾಕಿದರೆ ಕೆಲಸ ಮುಗಿಯಿತು. ಫಲ ಬಹುಕಾಲ ಬಾಳುತ್ತದೆ. ತಾಯಿ ಬೇರೇನೂ ಮಾಡಬೇಕಾಗಿಲ್ಲ. ಬೊಟುಲಿನಂ ಚಿಕಿತ್ಸೆಯ ಲಕ್ಷಣ ಈ ಮೂರಕ್ಕೂ ವಿರುದ್ಧ. ಫಲ ತಿಂಗಳುಗಳಲ್ಲಿ ಅಳಿಯುತ್ತದೆ. ಮತ್ತೆ ಬೇಕೋ ಬೇಡವೋ ಎಂದು ಪ್ರತಿಸಲವೂ ವಿಚಾರಿಸಬೇಕು. ಚುಚ್ಚಿದ ಮರುದಿನದಿಂದಲೇ ಮನೆಯವರ ಕೆಲಸ ಆರಂಭವಾಗುತ್ತದೆ. ಕಾರ್ಖಾನೆಯ ಪಾಳಿ ಬಿಟ್ಟು ವ್ಯಾಯಾಮ ಚಿಕಿತ್ಸೆಗೆ ಮಗುವನ್ನು ಮತ್ತೆ ಮತ್ತೆ ಎತ್ತಿಕೊಂಡು ಬರುವುದೆಂದರೆ ಬೊಮ್ಮಸಂದ್ರದ ದುಡಿಯುವ ತಾಯಿಗೆ ಕೂಲಿಯ ನಷ್ಟ. ಚುಚ್ಚುಮದ್ದು ಹಾಕಿಸಿಯಾಯಿತು ಎಂದು ತಿಳಿದವಳು ಆ ನಷ್ಟವನ್ನು ಏಕೆ ಸಹಿಸಬೇಕು? ಹಾಗೆ ಆಕೆ ಬಾರದೆ ಹೋದರೆ ದುಬಾರಿಯಾದ ಮದ್ದು ವ್ಯರ್ಥವಾಗುತ್ತದೆ; ‘ಪೋಷಕರು ಸಹಕರಿಸಲಿಲ್ಲ’ ಎಂಬ ಮಾತು ಮಾತ್ರ ಕಡತದಲ್ಲಿ ಉಳಿಯುತ್ತದೆ. ತಪ್ಪಿನ ಒಂದು ಪಾಲು ಶಬ್ದದ್ದು ಎಂಬುದು ಕಡತದಲ್ಲಿ ಸೇರುವುದಿಲ್ಲ.

೫

ಫಲವನ್ನು ಹೇಳುವ ಶಬ್ದ ‘ವಾಸಿ’. ಇದರ ಅರ್ಥವ್ಯಾಪ್ತಿ ವಿಚಿತ್ರವಾದುದು. ‘ಜ್ವರ ವಾಸಿಯಾಯಿತು’ ಎಂದರೆ ಜ್ವರ ಹೋಯಿತು. ‘ಇದಕ್ಕಿಂತ ಅದು ವಾಸಿ’ ಎಂದರೆ ಕೊಂಚ ಮೇಲು. ‘ವಾಸಿಯಾಗುತ್ತದಮ್ಮ’ ಎಂದು ವೈದ್ಯರು ಹೇಳಿದಾಗ ಅವರ ಮನಸ್ಸಿನಲ್ಲಿರುವುದು ಎರಡನೆಯ ಅರ್ಥ. ತಾಯಿಗೆ ಕೇಳಿಸುವುದು ಮೊದಲನೆಯದು. ಉತ್ತರ ಕರ್ನಾಟಕದವರ ‘ಆರಾಮ’ ಎಂಬ ಮಾತಿನಲ್ಲಿಯೂ ಇದೇ ಸಂದಿಗ್ಧತೆಯಿದೆ. ನೋವಿಲ್ಲದಿರುವುದೂ ಆರಾಮ, ಪೂರ್ತಿ ಗುಣವಾಗುವುದೂ ಆರಾಮ.

ಯಾವ ಅರ್ಥದಲ್ಲಿ ವಾಸಿ ಎಂಬುದನ್ನು ನಿರ್ಣಯಿಸಲು ಶಾಸ್ತ್ರಗ್ರಂಥಗಳು ಹೇಳುವುದನ್ನು ಒರೆಹಚ್ಚಬೇಕು. ಇಲ್ಲಿ ಮೂರು ಬೇರೆ ಬೇರೆ ಅಳತೆಗಳಿವೆ: ಸ್ನಾಯುವಿನ ಬಿಗಿತ, ಮಗುವಿನ ನಡಿಗೆ ಮುಂತಾದ ಕಾರ್ಯಸಾಮರ್ಥ್ಯ, ನೋವು ಮತ್ತು ಶುಶ್ರೂಷೆಯ ಸೌಕರ್ಯ. ಆಸ್ಟ್ರೇಲಿಯದ ಇಯೋನಾ ನೋವಾಕ್ ಮತ್ತು ಸಂಗಡಿಗರು ೨೦೧೩ರಲ್ಲಿ ಸೆರೆಬ್ರಲ್ ಪಾಲ್ಸಿಯ ಸಕಲ ಚಿಕಿತ್ಸೆಗಳನ್ನೂ ತೂಗಿನೋಡಿ, ರಸ್ತೆಯ ದೀಪಗಳಂತೆ ಹಸಿರು ಹಳದಿ ಕೆಂಪೆಂದು ವಿಂಗಡಿಸಿದಾಗ ಬೊಟುಲಿನಂ ಹಸಿರಿನಲ್ಲಿ ಸೇರಿತು. ಆದರೆ ಆ ಹಸಿರು ಮುಖ್ಯವಾಗಿ ಬಿಗಿತವನ್ನು ತಗ್ಗಿಸುವ ವಿಷಯಕ್ಕೆ ಸಂಬಂಧಿಸಿದ್ದು. ಕಾಲಿನ ಬಿಗಿತವನ್ನು ಕುರಿತು ೩೧ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೧೯ರಲ್ಲಿ ಹೊರಬಂದ ಕಾಕ್ರೇನ್ ಸಮೀಕ್ಷೆಯು ನಡಿಗೆ, ಕೀಲಿನ ಚಲನೆ, ಬಿಗಿತಗಳಲ್ಲಿ ಅನುಕೂಲ ಕಾಣುತ್ತದೆಂದು ಹೇಳಿದರೂ, ಆಧಾರದ ಗುಣಮಟ್ಟ ಕೆಳಮಟ್ಟದ್ದೆಂದು ಎಚ್ಚರಿಸಿತು; ಕಾರ್ಯಸಾಮರ್ಥ್ಯದ ವಿಷಯದಲ್ಲಿ ಫಲಿತಾಂಶಗಳು ಒಂದೇ ತೆರನಾಗಿರಲಿಲ್ಲ. ಕೈಗೆ ಸಂಬಂಧಿಸಿದ ೨೦೧೦ರ ಸಮೀಕ್ಷೆಯು ಇನ್ನೂ ಸ್ಪಷ್ಟವಾಗಿದೆ: ಕೈಕೆಲಸದ ತರಬೇತಿಯೊಡನೆ ಕೊಟ್ಟರೆ ಪ್ರಯೋಜನ, ಸೂಜಿಯೊಂದನ್ನೇ ಕೊಡುವುದು ತಕ್ಕುದಲ್ಲ.

ಇಲ್ಲಿ ಒಂದು ವಿದ್ಯಮಾನವನ್ನು ವಿಶೇಷವಾಗಿ ಗಮನಿಸಬೇಕು. ಮೂಳೆವೈದ್ಯ ಕೆರ್ ಗ್ರಹಾಂ ೧೯೯೪ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಸಂಶೋಧನೆಯಲ್ಲಿ, ಹುಟ್ಟಿನಿಂದ ಬಿಗಿತವುಳ್ಳ ಇಲಿಗಳಿಗೆ ಈ ವಿಷವನ್ನು ಚುಚ್ಚಿದರೆ ಸ್ನಾಯು ಗಿಡ್ಡವಾಗುವುದು ತಪ್ಪುತ್ತದೆಂದು ತೋರಿಸಿದ್ದರು. ಚಿಕಿತ್ಸೆಯ ಬಗೆಗೆ ಆಶೆ ಬಲಿಯುವುದಕ್ಕೆ ಇಂಥ ಸಂಶೋಧನೆಗಳು ಕಾರಣವಾದವು. ಅದೇ ಗ್ರಹಾಂ ಮೆಲ್ಬೋರ್ನಿನ ಸಂಗಡಿಗರೊಡನೆ ೨೦೧೯ರಲ್ಲಿ ಬರೆದ ಲೇಖನದಲ್ಲಿ, ಚುಚ್ಚಿದ ಸ್ನಾಯು ಸೊರಗುತ್ತದೆ, ಪ್ರಾಣಿಗಳಲ್ಲಿ ಅದು ಪೂರ್ತಿಯಾಗಿ ಚೇತರಿಸಿಕೊಳ್ಳದಿರುವುದು ಕಂಡಿದೆ, ಆದಕಾರಣ ಸೂಜಿಗಳ ನಡುವಿನ ಅಂತರವನ್ನು ಹೆಚ್ಚಿಸಿ ಮಿತವಾಗಿ ಬಳಸಬೇಕು ಎಂಬ ವಿವೇಕವನ್ನು ಬೋಧಿಸಿದರು. ಬಿದ್ದುಹೋದ ಅಂಗಕ್ಕೆ ಬೀಳುವ ಮದ್ದೇಕೆ ಎಂಬ ತಾಯಿಯ ಪ್ರಶ್ನೆಯಲ್ಲಿ ಒಂದು ಪಾಲು ನಿಜವಿದೆಯೆಂದು ನಾವು ಹೇಳಿದುದು ಇದನ್ನು ಉದ್ದೇಶಿಸಿ. ಮೊದಲೇ ದುರ್ಬಲವಾದ ಸ್ನಾಯುವನ್ನು ಪದೇ ಪದೇ ದುರ್ಬಲಗೊಳಿಸುವುದರಿಂದ ಮುಂದೆ ಏನಾದೀತೆಂಬುದು ಇಂದು ಶಾಸ್ತ್ರದೊಳಗಿನ ಪ್ರಶ್ನೆಯೇ ಆಗಿದೆ.

ಅಷ್ಟರಿಂದಲೇ ಚಿಕಿತ್ಸೆಯನ್ನು ತಳ್ಳಿಹಾಕುವುದು ಅವಿಚಾರವಾದೀತು. ತುದಿಗಾಲಿನ ಎಳೆಯ ಮಗುವಿಗೆ ಶಸ್ತ್ರಚಿಕಿತ್ಸೆಯನ್ನು ತಕ್ಕ ವಯಸ್ಸಿನವರೆಗೆ ಮುಂದೂಡಲು ಇದು ಸಹಾಯಕವಾಗಬಹುದು. ನಡೆಯಲಾರದ ಮಗುವಿನಲ್ಲಿಯೂ ತೊಡೆಗಳ ಬಿಗಿ ಸಡಿಲವಾದರೆ ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಮಲಗಿಸುವುದು ಸುಲಭವಾಗುತ್ತದೆ. ನೋವು ತಗ್ಗಿ ಮಗು ನಿದ್ರಿಸುತ್ತದೆ. ನಡಿಗೆಯ ಅಳತೆಯಿಂದ ನೋಡಿದರೆ ಇದು ಸೊನ್ನೆ. ಆ ಮನೆಯ ಅಳತೆಯಿಂದ ನೋಡಿದರೆ ದೊಡ್ಡ ಲಾಭ. ‘ವಾಸಿ’ ಎಂಬ ಒಂದೇ ಮಾತು ಈ ಎರಡನ್ನೂ ನುಂಗಿಬಿಡುವುದರಿಂದ, ಸಿಗಬಹುದಾದ ಸಣ್ಣ ಸುಖವನ್ನು ಕೇಳುವುದಕ್ಕೂ ತಾಯಿತಂದೆಗಳಿಗೆ ಮಾತಿಲ್ಲದಂತಾಗಿದೆ.

೬

ಇದಕ್ಕೆ ಪ್ರತಿಯಾಗಿ, ವೈದ್ಯರಿಗೆ ಸಮಯವಿಲ್ಲ, ತಾಯಿತಂದೆಗಳು ನಂಬಿ ಬರುತ್ತಾರೆ, ಶಬ್ದಸೂಕ್ಷ್ಮ ಪಂಡಿತರ ಚಪಲ ಎನ್ನುವವರಿದ್ದಾರೆ. ಸಮಯದ ಅಭಾವ ನಿಜವಾದುದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ೨೦೦೮ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಅಪಾಯ, ಬೇರೆ ಮಾರ್ಗಗಳು, ಚಿಕಿತ್ಸೆ ಬೇಡವೆಂದರೆ ಆಗುವುದೇನು ಇವನ್ನೆಲ್ಲ ಸಾಕಷ್ಟು ತಿಳಿಸಿದ ಮೇಲೆ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದಿತು. ೨೦೧೬ರ ವಿಕಲಾಂಗರ ಹಕ್ಕುಗಳ ಕಾಯಿದೆಯಲ್ಲಿ ಸೆರೆಬ್ರಲ್ ಪಾಲ್ಸಿಯ ಹೆಸರು ಸ್ಪಷ್ಟವಾಗಿ ಸೇರಿದೆ. ‘ವಾಸಿಯಾಗುತ್ತದೆ, ಚುಚ್ಚುಮದ್ದಿಗೆ ರುಜು ಹಾಕಿ’ ಎಂಬ ಮಾತಿಗೆ ಹಾಕಿದ ರುಜು ಯಾವುದಕ್ಕೆ ಕೊಟ್ಟ ಒಪ್ಪಿಗೆ? ಲಸಿಕೆಯಂಥ ಒಂದು ವಸ್ತುವಿಗೆ, ಪೂರ್ತಿ ಗುಣವಾಗುವ ಭರವಸೆಗೆ. ಕೊಟ್ಟ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿಲ್ಲವೆಂದೇ ಹೇಳಬೇಕಾಗುತ್ತದೆ.

ಇಂಗ್ಲಿಷ್ ಶಬ್ದಗಳನ್ನೇ ಇಟ್ಟುಕೊಂಡರೆ ಗೊಂದಲ ತಪ್ಪುತ್ತದೆಂಬುದು ಇನ್ನೊಂದು ವಾದ. ಸ್ಥಿತಿಯ ಹೆಸರಿನ ಮಟ್ಟಿಗೆ ನಾವು ಇದನ್ನು ಒಪ್ಪುತ್ತೇವೆ. ‘ಸೆರೆಬ್ರಲ್ ಪಾಲ್ಸಿ’ ಎಂಬುದು ಬಳಕೆಗೆ ಬಂದಿದೆ. ಪಾರ್ಶ್ವವಾಯುವಿಗಿಂತ ಅದೇ ಮೇಲು, ಏಕೆಂದರೆ ಅದು ತಪ್ಪು ಚಿತ್ರವನ್ನು ಕೊಡುವುದಿಲ್ಲ. ಆದರೆ ಹೆಸರನ್ನು ಎರವಲು ತಂದಷ್ಟು ಸುಲಭವಾಗಿ ವಿವರಣೆಯನ್ನು ಎರವಲು ತರಲಾಗುವುದಿಲ್ಲ. ಅದು ಕೇಳುವವರ ನುಡಿಯಲ್ಲಿಯೇ ಆಗಬೇಕು.

ಹಾಗಾದರೆ ಹೇಳುವುದು ಹೇಗೆ? ಹೊಸ ಪಾರಿಭಾಷಿಕ ಶಬ್ದಗಳನ್ನು ಟಂಕಿಸಬೇಕೆಂದು ನಾವು ಸೂಚಿಸುತ್ತಿಲ್ಲ. ಇರುವ ಮಾತುಗಳನ್ನೇ ಬಿಡಿಸಿ ಹೇಳಿದರೆ ಸಾಕು. ‘ಅಮ್ಮಾ, ಮಗುವಿನ ಮಿದುಳಿನಲ್ಲಿ ಆಗಿರುವ ಪೆಟ್ಟು ಈ ಸೂಜಿಯಿಂದ ಹೋಗುವುದಿಲ್ಲ. ಕಾಲಿನ ಮಾಂಸಖಂಡ ಬಿಗಿದುಕೊಂಡಿದೆ. ಅದನ್ನು ಮೂರು ನಾಲ್ಕು ತಿಂಗಳು ಸಡಿಲ ಮಾಡುತ್ತೇವೆ. ಇದು ವಿಷದಿಂದ ಮಾಡಿದ ಮದ್ದು, ಅಳತೆಯಲ್ಲಿ ಕೊಡುತ್ತೇವೆ. ನುಂಗಲು, ಉಸಿರಾಡಲು ಕಷ್ಟವಾದರೆ ಕೂಡಲೇ ಕರೆತನ್ನಿ. ಸಡಿಲವಾಗಿರುವ ಆ ದಿನಗಳಲ್ಲಿ ವ್ಯಾಯಾಮ ಮಾಡಿಸದಿದ್ದರೆ ಸೂಜಿ ಹಾಕಿದ್ದು ಹೆಚ್ಚು ಉಪಯೋಗಕ್ಕೆ ಬಾರದು. ನಿಮಗೆ ಮುಖ್ಯವಾಗಿ ಏನು ಸುಲಭವಾಗಬೇಕು, ಹೇಳಿ.’ ಇಷ್ಟನ್ನು ಹೇಳಲು ಬೇಕಾಗುವುದು ಒಂದು ನಿಮಿಷ. ಇದರಲ್ಲಿ ನಿಘಂಟು ನೋಡಬೇಕಾದ ಶಬ್ದ ಒಂದೂ ಇಲ್ಲ. ಕೊನೆಯ ವಾಕ್ಯ ಪ್ರಶ್ನೆಯಾಗಿರುವುದು ಉದ್ದೇಶಪೂರ್ವಕ. ಚಿಕಿತ್ಸೆಯ ಅಳತೆಗೋಲನ್ನು ಅದು ತಾಯಿಯ ಕೈಗೆ ಕೊಡುತ್ತದೆ. ‘ನಮ್ಮ ಪಾಳಿ ಮುಗಿಯುವುದು ಸಂಜೆಗೆ, ವಾರಕ್ಕೆ ಎರಡು ಸಲ ಬರಲಾಗದು’ ಎಂದು ಆಕೆ ಹೇಳಿದರೆ, ಮನೆಯಲ್ಲಿಯೇ ಮಾಡಿಸುವ ವ್ಯಾಯಾಮವನ್ನು ಕಲಿಸುವುದೋ ಸೂಜಿಯನ್ನು ಮುಂದಕ್ಕೆ ಹಾಕುವುದೋ ಎಂಬುದನ್ನು ಆಗಲೇ ನಿಶ್ಚಯಿಸಬಹುದು.

ನಮ್ಮ ಕನ್ನಡ ವಿಭಾಗಗಳಲ್ಲಿ ಆಡುನುಡಿಯ ಶಬ್ದಸಂಗ್ರಹ ಬಹುಕಾಲದಿಂದ ನಡೆದುಬಂದಿದೆ. ಬೇಸಾಯ, ನೇಯ್ಗೆ, ಕುಂಬಾರಿಕೆಗಳ ಮಾತುಗಳನ್ನು ವಿದ್ಯಾರ್ಥಿಗಳು ಕೂಡಿಹಾಕಿದ್ದಾರೆ. ಆಸ್ಪತ್ರೆಯ ಹೊರಾಂಗಣದಲ್ಲಿ ಕಾದು ಕುಳಿತವರು ಬಿಗಿತಕ್ಕೆ, ಸೆಟೆತಕ್ಕೆ, ನಡುಕಕ್ಕೆ, ಸುಧಾರಣೆಗೆ ಯಾವ ಯಾವ ಸೀಮೆಯಲ್ಲಿ ಯಾವ ಯಾವ ಮಾತನ್ನು ಬಳಸುತ್ತಾರೆ ಎಂಬ ಸಂಗ್ರಹವೂ ಅಷ್ಟೇ ಯೋಗ್ಯವಾದ ಸಂಶೋಧನ ವಿಷಯವೆಂದು ನಮಗೆ ತೋರುತ್ತದೆ. ಬೊಮ್ಮಸಂದ್ರದಂಥ ಊರಿನಲ್ಲಿ ಒಂದೇ ಬೆಂಚಿನ ಮೇಲೆ ಕರ್ನಾಟಕದ ಹಲವು ಸೀಮೆಗಳ ಕನ್ನಡ ಕೇಳಸಿಗುತ್ತದೆ. ಅಂಥ ಸಂಗ್ರಹವನ್ನು ಕೈಗೊಳ್ಳುವ ವಿದ್ಯಾರ್ಥಿಗಳು ರೋಗಿಗಳ ಖಾಸಗಿತನಕ್ಕೆ ಭಂಗ ಬಾರದಂತೆ, ವೈದ್ಯರ ಅನುಮತಿ ಪಡೆದು, ಮೊದಲು ‘ವಾಸಿ’ ಎಂಬ ಒಂದು ಶಬ್ದವನ್ನೇ ಹಿಡಿದು ಹೊರಟರೆ ಸಾಕಷ್ಟು ಕೆಲಸವಾದೀತು.